ಮೂಗಿನ ಹಿತ್ತಲು

ಮೂಗಿಗೆ ಎರಡು ಬಾಗಿಲಿವೆ ಎಂಬುದು ಹಸುಗೂಸಿಗೂ ಗೊತ್ತು. ಅದಕ್ಕೊಂದು ಹಿತ್ತಲೂ ಇದೆ ಎಂಬುದು ಮಾತ್ರ ವೈದ್ಯರು, ವಿಜ್ಞಾನಿಗಳು ಎಂದು ಮೆರೆಯುವ ನಮ್ಮಂಥವರಿಗಷ್ಟೇ ಗೊತ್ತು. ನಮ್ಮಲ್ಲೂ ಬಹಳ ಜನ ಪರೀಕ್ಷೆ ಮುಗಿದ ಮರುದಿನ ಅದನ್ನು ಮರೆತುಬಿಡುತ್ತಾರೆ.

ಹೊಳ್ಳೆಗಳಿಂದ ಒಳಹೊಕ್ಕ ಗಾಳಿ ನೇರ ಹಿಂದಕ್ಕೆ ಹೋಗಿ, ಗಂಟಲಿಗೆ ಇಳಿಯುವ ಮೊದಲು, ಒಂದು ಪುಟ್ಟ ಕೋಣೆಯಲ್ಲಿ ತಿರುಗಿಕೊಳ್ಳುತ್ತದೆ. ಆ ಕೋಣೆಗೆ ತಲೆಬುರುಡೆಯ ತಳವೇ ಮಾಡು, ಎಂದರೆ ಚಾವಣಿ. ಕೆಳಗೆ ಕಿರುನಾಲಗೆ ಜೋತುಬಿದ್ದಿರುವ ಮೆದು ಅಂಗುಳವೇ ನೆಲ. ಏನನ್ನಾದರೂ ನುಂಗಿದಾಗಲೆಲ್ಲ ಈ ನೆಲ ಮೇಲಕ್ಕೆದ್ದು ಕೋಣೆಯನ್ನು ಮುಚ್ಚುತ್ತದೆ, ಇಲ್ಲದಿದ್ದರೆ ಉಂಡ ಸಾರು ಮೂಗಿನಿಂದ ಹೊರಬರುತ್ತಿತ್ತು. ಮಕ್ಕಳಲ್ಲಿ ಮಾಡಿನಿಂದ ಒಂದು ಮಾಂಸದ ಗಡ್ಡೆ ಇಳಿಬಿದ್ದಿರುತ್ತದೆ. ದೊಡ್ಡವರಾಗುತ್ತ ಅದು ಬತ್ತಿಹೋಗಿ ಜಾಗ ಖಾಲಿಯಾಗುತ್ತದೆ. ಎರಡು ಪಕ್ಕದ ಗೋಡೆಗಳಲ್ಲಿ ಒಂದೊಂದು ಸೀಳು, ಸೀಳಿನ ಸುತ್ತ ಬಾವಿಕಟ್ಟೆಯಂಥ ದಂಡೆ. ಅಲ್ಲಿಂದ ಹೊರಟ ಸಣ್ಣ ಕೊಳವೆ ಕಿವಿಯ ನಡುಮನೆಗೆ ಹೋಗಿ ಸೇರುತ್ತದೆ. ಆಕಳಿಸಿದಾಗ ಕಿವಿಯೊಳಗೆ ಟಪ್ ಎನ್ನುತ್ತದಲ್ಲ, ಅದು ಆ ಸೀಳು ತೆರೆದುಕೊಂಡ ಸದ್ದು. ಪಠ್ಯಪುಸ್ತಕದಲ್ಲಿ ಈ ಕೋಣೆಗೆ ನಾಸಾಗ್ರಸನಿ ಎಂಬ ಹೆಸರಿದೆ. ಯಾರ ನಾಲಗೆಗೂ ಹೊರಳದ ಆ ಹೆಸರನ್ನು ಬಿಟ್ಟು ನಮ್ಮ ಪ್ರಯೋಗಾಲಯದಲ್ಲಿ ನಾವು ಅದನ್ನು ಮೂಗಿನ ಹಿತ್ತಲು ಎಂದು ಕರೆಯುತ್ತಿದ್ದೆವು.

ಆ ಹಿತ್ತಲ ಖಾಲಿ ಜಾಗದಲ್ಲಿ ಒಂದು ಜಾಲರಿ ಕೂರಿಸಿದರೆ ಹೇಗೆ ಎಂಬ ಯೋಚನೆ ಬ್ಯಾಡಗಿಯಲ್ಲಲ್ಲದೆ ಬೇರೆಲ್ಲಿ ಹುಟ್ಟೀತು? ಹೊರಗಿನವರು ಈ ಊರಿನಲ್ಲಿ ಬಸ್ಸಿಳಿದ ಕೂಡಲೇ ಸೀನುತ್ತಾರೆ. ಮೆಣಸಿನಕಾಯಿಯ ಘಾಟು ಇಲ್ಲಿ ಗಾಳಿಯ ಇನ್ನೊಂದು ಹೆಸರು. ತೊಟ್ಟು ಬಿಡಿಸುವ ಯಂತ್ರಗಳು ಬಂದ ಮೇಲಂತೂ ಕೆಂಪು ಧೂಳು ಎಷ್ಟು ಹೆಚ್ಚಿತೆಂದರೆ, ಅಂಗಳದಲ್ಲಿ ಕೂತು ಕಾಯಿ ಆರಿಸುವ ಹೆಂಗಸರು ಸೆರಗು ಕಟ್ಟಿಕೊಂಡರೂ ಕೆಮ್ಮಿ ಕೆಮ್ಮಿ ಸೋತರು. ಅವರಿಗಾಗಿಯೇ ನಾವು ಜಾಲರಿ ಮಾಡಿದೆವು. ಹೂವಿನ ಎಸಳಿನಷ್ಟು ಮೆತ್ತಗೆ, ಗಾಜಿನಷ್ಟು ತಿಳಿ. ಮೂಗಿನೊಳಗಿಂದ ತೂರಿಸಿ ಮಾಡಿಗೆ ಅಂಟಿಸಿದರೆ ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ. ಧೂಳು ಅದಕ್ಕೆ ಸಿಕ್ಕಿ, ಲೋಳೆಯ ಜೊತೆ ಜಾರಿ, ಹೊಟ್ಟೆಗೆ ಹೋಗಿ ಮಾಯವಾಗುತ್ತದೆ. ಕೆಮ್ಮು ನಿಂತಿತು. ನಾವು ಬೆನ್ನು ಚಪ್ಪರಿಸಿಕೊಂಡೆವು.

ಕನಸಿನ ವಿಷಯ ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಆಗಿನ ಬೇಸಿಗೆಗಳು ನಿಮಗೆ ಗೊತ್ತಿರಲಿಕ್ಕಿಲ್ಲ. ನಡುಹಗಲಿಗೆ ಹೊರಗೆ ನಿಂತರೆ ಜೀವಕ್ಕೇ ಅಪಾಯ ಎಂದು ಸರಕಾರವೇ 'ಬಿಸಿಲು ಬಿಡುವು' ಎಂದು ಮಾಡಿತ್ತು. ಊಟವಾದ ಮೇಲೆ ಅಂಗಡಿ, ಕಚೇರಿ, ಮಾರುಕಟ್ಟೆ ಎಲ್ಲ ಮುಚ್ಚಿ, ಇಳಿಹೊತ್ತಿನಲ್ಲಿ ಮತ್ತೆ ತೆರೆಯುತ್ತಿದ್ದವು. ಇಡೀ ಊರು ಒಟ್ಟಿಗೆ ಮಲಗುತ್ತಿತ್ತು. ಹೀಗೆ ಮಲಗಿದ ಊರಿನಲ್ಲಿ ಜಾಲರಿ ಹಾಕಿಸಿಕೊಂಡವರಿಗೆ ಒಂದು ಹೊಸ ಬಗೆಯ ಕನಸು ಬೀಳತೊಡಗಿತು.

ಆಗಿದ್ದು ಇಷ್ಟೇ. ಜಾಲರಿ ಹಿಡಿದ ಧೂಳನ್ನು ಲೋಳೆಗೆ ಬಿಟ್ಟುಕೊಡುತ್ತಿತ್ತು, ವಾಸನೆಯನ್ನು ಬಿಟ್ಟುಕೊಡುತ್ತಿರಲಿಲ್ಲ. ಉಸಿರಿನ ಜೊತೆ ಬಂದ ಅತಿ ಸೂಕ್ಷ್ಮ ಗಂಧವನ್ನೂ ಪದರು ಪದರಾಗಿ ಕೂಡಿಟ್ಟುಕೊಳ್ಳುತ್ತಿತ್ತು. ನಿದ್ದೆ ಹತ್ತಿ ಉಸಿರು ನಿಧಾನವಾಗಿ, ಬೆಚ್ಚಗಾದಾಗ ಅದನ್ನೇ ಹತ್ತು ಪಟ್ಟು ಮಾಡಿ ಹಿಂದಿನಿಂದ ಮೂಗಿಗೆ ಒಪ್ಪಿಸುತ್ತಿತ್ತು. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿಗೆ ಹೋಗಬೇಕಾದರೆ ನಡುವೆ ಒಬ್ಬ ಕಾವಲುಗಾರನಿದ್ದಾನೆ. ನಿದ್ದೆಯಲ್ಲಿ ಅವನು ಯಾರನ್ನೂ ಸುಲಭವಾಗಿ ಬಿಡುವುದಿಲ್ಲ. ವಾಸನೆಗೆ ಮಾತ್ರ ಯಾರ ಅಪ್ಪಣೆಯೂ ಬೇಡ. ಅದು ಸೀದಾ ನೆನಪಿನ ಮನೆಗೆ ಹೋಗಿ ದೀಪ ಹಚ್ಚುತ್ತದೆ.

ಬರಬರುತ್ತ ಜನ ಇದಕ್ಕೆ ಪಳಗಿದರು, ನಮ್ಮ ಜನ ಯಾವುದಕ್ಕೆ ಪಳಗುವುದಿಲ್ಲ? ಇಳಿಹೊತ್ತಿನಲ್ಲಿ ಚಹಾದಂಗಡಿಯ ಮುಂದೆ "ಇವತ್ತೇನ್ ಬಿತ್ತೋ?" ಎಂಬುದೇ ಮೊದಲ ಮಾತು. ನಿವೃತ್ತ ಮಾಸ್ತರರೊಬ್ಬರು ದಿಂಬಿನ ಕೆಳಗೆ ಸೀಮೆಸುಣ್ಣದ ಕಡ್ಡಿ ಇಟ್ಟುಕೊಂಡು ಮಲಗಿ, ತಾವು ಬಾರಿಸಿದ ಹುಡುಗರೆಲ್ಲ ಸಾಲಾಗಿ ಬಂದು ನಿಂತರೆಂದು ಗಾಬರಿಯಿಂದ ಎದ್ದರು. ಜಾಲರಿ ಚೆನ್ನಾಗಿ ಕೂರುತ್ತದೆಯೇ ಎಂದು ನೋಡಲು ನಾನೂ ಹಾಕಿಸಿಕೊಂಡಿದ್ದೆ. ಹಸಿ ಶೇಂಗಾ ತಿಂದು ಮಲಗಿದ ದಿನ ರಾಣೆಬೆನ್ನೂರಿನ ನಮ್ಮ ಅಜ್ಜಿ ಕನಸಿನ ತುಂಬ ಓಡಾಡಿದಳು. ಅವಳ ಸೀರೆಯ ನಿರಿಗೆ ನನ್ನ ಮುಖಕ್ಕೆ ತಾಗಿತು. ಎದ್ದಾಗ ಕೋಣೆಯಲ್ಲಿ ಬಿಸಿಲು ಹಳದಿಯಾಗಿ ನಿಂತಿತ್ತು. ಯಾವ ವರ್ಷದಲ್ಲಿದ್ದೇನೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಇಂಥ ಊರಿನಲ್ಲಿ ದ್ಯಾಮವ್ವ ನಮ್ಮ ಮೊದಲ ಜಾಲರಿಗಳಲ್ಲೊಂದನ್ನು ಹಾಕಿಸಿಕೊಂಡವಳು. ಕಾಯಿ ಆರಿಸುವ ಹೆಂಗಸರಿಗೆಲ್ಲ ಮುಂದಾಳು. ಅವಳ ನಾಲಗೆಯ ಮುಂದೆ ಬ್ಯಾಡಗಿ ಮೆಣಸಿನಕಾಯಿ ಸಪ್ಪೆ ಎಂದು ದಲಾಲರೇ ಹೇಳುತ್ತಿದ್ದರು. ಅವಳ ಗಂಡ ಹಮಾಲಿ ಮಾಡುತ್ತಿದ್ದವನು, ಜಾಲರಿ ಬರುವುದಕ್ಕೆ ಎಷ್ಟೋ ಮೊದಲೇ ತೀರಿಕೊಂಡಿದ್ದ. ಮಗಳು ಫಕ್ಕೀರವ್ವನ ಜೊತೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇದ್ದಳು. ಮಗನೊಬ್ಬನಿದ್ದ, ಅವನ ಸುದ್ದಿ ಎತ್ತಿದರೆ ಅವಳು ಎದ್ದುಹೋಗುತ್ತಿದ್ದಳು.

ನಮ್ಮ ಕಿವಿ ಮೂಗು ಗಂಟಲಿನ ವೈದ್ಯರು ಡಾಕ್ಟರ್ ಬೋಪಯ್ಯ. ಕೊಡಗಿನವರು, ಒಳ್ಳೆಯವರು, ಈ ಕಡೆಯ ರೀತಿ ರಿವಾಜು ಒಂದೂ ಗೊತ್ತಿರಲಿಲ್ಲ. ಜಾಲರಿ ಹಾಕುವ ಮೊದಲು ಕಿವಿ ಪರೀಕ್ಷೆ ಕಡ್ಡಾಯ. ಅವರು ರೋಗಿಯ ಹಿಂದೆ ನಿಂತು, ಒಂದು ಕಿವಿ ಮುಚ್ಚಿಸಿ, ಇನ್ನೊಂದು ಕಿವಿಗೆ ಮೆಲುದನಿಯಲ್ಲಿ ಪ್ರಶ್ನೆ ಕೇಳುತ್ತಿದ್ದರು. ದ್ಯಾಮವ್ವನ ಬಲಗಿವಿಗೆ ಕೇಳಿದರು, "ನಿಮ್ಮ ಊರು ಯಾವುದಮ್ಮ?"

"ಬ್ಯಾಡಗಿರಿ."

ಎಡಗಿವಿಗೆ ಕೇಳಿದರು, "ನಿಮ್ಮ ಯಜಮಾನರ ಹೆಸರೇನು?"

ದ್ಯಾಮವ್ವ ತುಟಿ ಬಿಗಿದು ಕೂತಳು. ಮತ್ತೆ ಕೇಳಿದರು. ಅವಳು ಸೆರಗು ಸರಿಮಾಡಿಕೊಂಡಳು.

"ಛೇ, ಎಡಗಿವಿ ಪೂರ್ತಿ ಹೋಗಿದೆಯಲ್ಲ!" ಎಂದರು ಬೋಪಯ್ಯ.

ನನಗೆ ನಗು ತಡೆಯಲಾಗಲಿಲ್ಲ. "ಸರ್, ಕಿವಿ ಸರಿಯಾಗೇ ಇದೆ. ಗಂಡನ ಹೆಸರನ್ನು ಹಾಗೆಲ್ಲ ಬಾಯಿಬಿಟ್ಟು ಹೇಳುವವಳಲ್ಲ ಅವಳು. ಮದುವೆ ಮನೆಯಲ್ಲಿ ಒಡಪಿನ ಪದ ಕಟ್ಟಿ, ಅದರೊಳಗೆ ಸೇರಿಸಿ ಹೇಳು ಎಂದರೆ ಹೇಳಿಯಾಳು," ಎಂದೆ.

ದ್ಯಾಮವ್ವ ತಿರುಗಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಡಾಕ್ಟರ್ ಸಾಹೇಬ್ರ, ಕಿವಿ ನೋಡಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?"

ಬೋಪಯ್ಯನವರಿಗೆ ಈ ಪ್ರಸಂಗ ಎಷ್ಟು ಹಿಡಿಸಿತೆಂದರೆ, ಅಂದಿನಿಂದ ಅದೇ ಅವರ ಕಾಯಂ ಪ್ರಶ್ನೆಯಾಯಿತು. ಬಲಗಿವಿಗೆ ಊರು, ಎಡಗಿವಿಗೆ ಯಜಮಾನರು. ಹೆಂಗಸರು ಎಡಗಿವಿಗೆ ಉತ್ತರ ಕೊಡದಿದ್ದರೆ ಇವರು ನಕ್ಕು, ಕಿವಿ ಚೆನ್ನಾಗಿದೆ ಎಂದು ಬರೆದುಕೊಳ್ಳುತ್ತಿದ್ದರು. ಪರೀಕ್ಷೆ ಹೋಗಿ ಅದೊಂದು ಪೂಜಾವಿಧಿಯಾಯಿತು. ಯಾವಾಗ ಬಂದರೂ ಅದೇ ಎರಡು ಪ್ರಶ್ನೆ. ಕೇಳಿಸದಿದ್ದವರೂ ಬಲಗಡೆಗೆ 'ಬ್ಯಾಡಗಿರಿ' ಅನ್ನಬಹುದಿತ್ತು, ಎಡಗಡೆಗೆ ಸುಮ್ಮನಿರಬಹುದಿತ್ತು. ದ್ಯಾಮವ್ವ ತಿಂಗಳುಗಟ್ಟಲೆ ಮಾಡಿದ್ದು ಅದನ್ನೇ ಎಂದು ನಮಗೆ ಗೊತ್ತಾದದ್ದು ತೀರಾ ತಡವಾಗಿ.

ಅವಳ ಕನಸಿನ ಸುದ್ದಿಯನ್ನು ಅವಳಾಗಿಯೇ ನನಗೆ ಹೇಳಿದ್ದು. ಎಲ್ಲರ ಕನಸನ್ನೂ ಕೇಳಿ ಜಾಲರಿಯ ವಾಸನೆಯ ಜೊತೆ ತಾಳೆ ನೋಡುವುದು ನನ್ನ ಕೆಲಸ. ಅವಳು ಅಂಗಳದಲ್ಲಿ ಕಾಯಿ ರಾಶಿಯ ಮುಂದೆ ಕೂತು, ಕೈ ನಿಲ್ಲಿಸದೆ, ನನ್ನ ಬಾಯಿಯನ್ನೇ ನೋಡುತ್ತ ಹೇಳಿದಳು.

"ನಮ್ಮ ಮನಿಯವರು ಬರ್ತಾರ್ರಿ ಅಕ್ಕಾರ. ಕಾಯಿ ಹರವಿದ ಕಣದಾಗ ನಡಕೋತ ಬರ್ತಾರ. ಕಾಲಾಗ ಒಂದು ಕಾಯಿ ಮುರದ ಸಪ್ಪಳಿಲ್ಲ. ಬಂದು ನನ್ನ ತಲಿದಿಂಬಿನ ಕಡೆ ಕುಂದರ್ತಾರ. ಸಾಯೂ ಮುಂದ ಇದ್ದಂಗ ಇಲ್ರಿ, ಹರೇದಾಗ ಇದ್ದಂಗ ಅದಾರ. ಮೀಸಿ ಕರಿ ಐತಿ. ಏನೋ ಹೇಳ್ತಾರ, ಬಾಯಿ ಆಡತೈತಿ, ದನಿ ಬರೂದಿಲ್ಲ."

"ದಿನಾ ಬರ್ತಾರೇನು?"

"ಬರ್ತಾರ. ಒಂದಿನಾನೂ ತಪ್ಪಸೂದಿಲ್ಲ. ಬದುಕಿದ್ದಾಗ ಇಷ್ಟು ನೆಟ್ಟಗ ಮನೀಗೆ ಬಂದವರಲ್ಲ," ಎಂದು ಹೇಳಿ ಅವಳು ನಕ್ಕಳು. ಆ ನಗುವಿನಲ್ಲಿ ಅವಳ ಮುಖ ಹದಿನೆಂಟರ ಹುಡುಗಿಯದಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಕಿವಿಯ ಸುದ್ದಿ ತಂದವಳು ಫಕ್ಕೀರವ್ವ. ಒಂದು ದಿನ ಬೆಳಿಗ್ಗೆ ತಾಯಿಯ ರಟ್ಟೆ ಹಿಡಿದುಕೊಂಡೇ ಪ್ರಯೋಗಾಲಯಕ್ಕೆ ಬಂದಳು.

"ಅವ್ವಗ ಏನೂ ಕೇಳವಲ್ದು ನೋಡ್ರಿ. ನಿನ್ನೆ ಲಾರಿ ಹಿಂದಕ ಬರಾಕತ್ತಿತ್ತು, ಎಲ್ಲಾರೂ ಬಾಯಿ ಬಾಯಿ ಬಡಕೊಂಡ್ವಿ, ಇಕಿ ತಿರುಗಿ ಸೈತ ನೋಡಲಿಲ್ಲ. ನಾನ ಓಡಿಹೋಗಿ ಜಗ್ಗಿದೆ."

"ನನಗೇನಾಗೇತಿ ಧಾಡಿ?" ಎಂದು ದ್ಯಾಮವ್ವ ಗದರಿದಳು. ಮಗಳ ತುಟಿ ನೋಡಿ ಊಹಿಸಿ ಗದರಿದ್ದು ಅದು.

ಬೋಪಯ್ಯನವರು ಈ ಸಲ ಪೂಜಾವಿಧಿ ಬಿಟ್ಟು ಸರಿಯಾದ ಪರೀಕ್ಷೆ ಮಾಡಿದರು. ಮುಖ ಕಪ್ಪಿಟ್ಟಿತು. ಸಣ್ಣ ಕ್ಯಾಮೆರಾವನ್ನು ಮೂಗಿನೊಳಗೆ ಬಿಟ್ಟು ಪರದೆಯ ಮೇಲೆ ನನಗೂ ತೋರಿಸಿದರು. ನಸುಗೆಂಪು ಬೆಳಕಿನಲ್ಲಿ ಆ ಹಿತ್ತಲು ಮುಂಜಾವಿನ ಗುಹೆಯ ಹಾಗೆ ಮಿನುಗುತ್ತಿತ್ತು. ಆದರೆ ಜಾಲರಿಯ ಎಸಳುಗಳು ಮಾಡಿನಿಂದ ಜಾರಿ ಎರಡೂ ಪಕ್ಕದ ದಂಡೆಗಳ ಮೇಲೆ ಒರಗಿದ್ದವು. ಕಿವಿಗೆ ಹೋಗುವ ಸೀಳುಗಳು ಮುಚ್ಚಿಹೋಗಿದ್ದವು.

"ಕಿವಿಯೊಳಗೆ ಗಾಳಿ ಹೋಗ್ತಾ ಇಲ್ಲ. ನೀರು ತುಂಬಿಕೊಂಡಿದೆ," ಎಂದರು. "ಈಗ ಜಾಲರಿ ತೆಗೆದರೆ ನೀರು ಇಳಿದು ಕಿವಿ ಮತ್ತೆ ಕೇಳುತ್ತೆ. ಬಿಟ್ಟರೆ ಆ ನೀರು ಅಂಟಾಗಿ, ಕಿವಿಯ ಎಲುಬುಗಳೆಲ್ಲ ಹಿಡಿದುಕೊಂಡುಬಿಡುತ್ತವೆ. ಆಮೇಲೆ ದೇವರು ಬಂದರೂ ಆಗದು. ಹೆಚ್ಚು ದಿನ ಇಲ್ಲ."

"ತೆಗೆದು, ಸರಿಯಾಗಿ ಮತ್ತೆ ಹಾಕೋಕೆ ಬರೋದಿಲ್ವಾ?"

"ಇವರಿಗೆ ಬರೋದಿಲ್ಲ. ಒಳಗೆಲ್ಲ ಬಾವು ಬಂದಿದೆ. ಒಮ್ಮೆ ತೆಗೆದರೆ ಮುಗೀತು."

ಇದನ್ನೆಲ್ಲ ನಾನು ದ್ಯಾಮವ್ವನ ಕಿವಿಗೆ ಬಾಯಿಟ್ಟು, ಕೂಗಿ, ಕೈಸನ್ನೆ ಮಾಡಿ ತಿಳಿಸಿದೆ. ಅವಳು ಎಲ್ಲ ಕೇಳಿಸಿಕೊಂಡು ತಣ್ಣಗೆ ಹೇಳಿದಳು, "ಹಂಗಾರ ಇರ್ಲಿ ಬಿಡ್ರಿ. ತಗೀಬ್ಯಾಡ್ರಿ."

"ಅವ್ವಾ, ಕಿವಿ ಹೋಗತಾವು!" ಫಕ್ಕೀರವ್ವ ಅಳತೊಡಗಿದಳು.

"ಹೋಗ್ಲಿ ಬಿಡು. ಅವರು ಏನೋ ಹೇಳಾಕತ್ತಾರ. ದಿನಾ ಬಂದು ಹೇಳಾಕತ್ತಾರ. ಅದೇನಂತ ನಾ ಕೇಳಬೇಕು. ಜಾಲರಿ ತಗದ್ರ ಅವರ ಬರೂದಿಲ್ಲ, ಆಮ್ಯಾಲ ಈ ಕಿವಿ ತಗೊಂಡು ನಾ ಏನ್ ಮಾಡ್ಲಿ?"

ಅವಳು ಎದ್ದು ಹೋದಳು. ಬೋಪಯ್ಯನವರು ಕುರ್ಚಿಯಲ್ಲಿ ಕುಸಿದು ಕೂತರು. "ಆ ಹಾಳು ಪ್ರಶ್ನೆ ಕೇಳದಿದ್ದರೆ ಎಂದೋ ಗೊತ್ತಾಗುತ್ತಿತ್ತು," ಎಂದರು.

ಅಂದು ನಾನು, ಕ್ಯಾಮೆರಾ ಬಿಟ್ಟಾಗ ಅವಳ ಜಾಲರಿಯಿಂದ ತೆಗೆದಿಟ್ಟ ಹನಿಯನ್ನು ನಾಯಿಗೆ ಕೊಟ್ಟೆ. ನಾಯಿ ಎಂದರೆ ನಮ್ಮ ಮೂಸುವ ಯಂತ್ರ. ಅದಕ್ಕೊಂದು ಉದ್ದ ಹೆಸರಿದೆ, ನಾಯಿ ಎಂದರೇ ಅದಕ್ಕೆ ಒಪ್ಪುತ್ತದೆ. ಅದು ಜಾಲರಿಯ ಪದರುಗಳನ್ನು ಉಳ್ಳಾಗಡ್ಡಿ ಸುಲಿದ ಹಾಗೆ ಒಂದೊಂದಾಗಿ ಬಿಡಿಸಿ, ಯಾವ ವಾಸನೆ ಎಷ್ಟು ಹಳೆಯದು ಎಂದು ಹೇಳುತ್ತದೆ. ಗಂಡಸಿನ ಮೈವಾಸನೆ ಸ್ಪಷ್ಟವಾಗಿ ಸಿಕ್ಕಿತು. ಮನೆಯಲ್ಲಿ ಇನ್ನೂ ಇಟ್ಟುಕೊಂಡ ಗಂಡನ ಹಳೆಯ ಅಂಗಿಯದೋ, ಕಂಬಳಿಯದೋ ಇರಬೇಕೆಂದು ನಾನು ಅಂದುಕೊಂಡಿದ್ದೆ. ಆದರೆ ಅದು ಇದ್ದದ್ದು ತೀರಾ ಮೇಲಿನ ಪದರಿನಲ್ಲಿ. ಹಿಂದಿನ ದಿನದ್ದು, ಹಸಿಹಸಿ. ಅದರ ಜೊತೆಗೆ ಯಂತ್ರಕ್ಕೆ ಹಚ್ಚುವ ಗ್ರೀಸಿನ ವಾಸನೆ. ದ್ಯಾಮವ್ವನ ಗಂಡ ಮೂಟೆ ಹೊತ್ತವನು, ಜನ್ಮದಲ್ಲಿ ಯಂತ್ರ ಮುಟ್ಟಿದವನಲ್ಲ.

ಸತ್ತವರ ಮೈ ಬೆವರುವುದಿಲ್ಲ. ನಾನು ಕೊಡೆ ಹಿಡಿದು ಬಿಸಿಲು ಬಿಡುವಿನ ಹೊತ್ತಿಗೇ ಅವಳ ಮನೆಗೆ ಹೋದೆ.

ಊರು ಮಲಗಿತ್ತು. ಓಣಿಯ ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಅವುಗಳ ಹಿಂದೆ ನೂರಾರು ಜನರ ನಿಧಾನ ಉಸಿರು. ಎಲ್ಲರ ಕನಸುಗಳೂ ಬಾಗಿಲ ಸಂದಿಯಿಂದ ಹರಿದುಬಂದು ಬಿಸಿಗಾಳಿಯಲ್ಲಿ ಕಲೆತಿವೆ, ನಾನು ಮೊಣಕಾಲುದ್ದ ಕನಸಿನಲ್ಲಿ ನಡೆಯುತ್ತಿದ್ದೇನೆ ಎನಿಸಿತು. ಮಹಡಿಗಳ ಮೇಲೆ ಒಣಹಾಕಿದ ಕಾಯಿ ಕೆಂಪಗೆ ಕುದಿಯುತ್ತಿತ್ತು. ಬಾಗಿಲು ತಟ್ಟುವ ಮೊದಲೇ ಫಕ್ಕೀರವ್ವ ತೆರೆದಳು. ನನ್ನನ್ನು ನೋಡಿ ಬಿಳಿಚಿಕೊಂಡಳು.

ಒಳಗೆ ಚಾಪೆಯ ಮೇಲೆ ದ್ಯಾಮವ್ವ ಮಲಗಿದ್ದಳು. ತಲೆದಿಂಬಿನ ಪಕ್ಕದಲ್ಲಿ ಕರಿಮೀಸೆಯ ಒಬ್ಬ ಯುವಕ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೆಲಸದ ಅಂಗಿ, ಕೈಯೆಲ್ಲ ಗ್ರೀಸು. ಅವನು ಮಲಗಿದವಳಿಗೆ ಏನೋ ಹೇಳುತ್ತಿದ್ದ.

"...ಮಶೀನಿನ ಪಟ್ಟಾದ ಮ್ಯಾಲ ಗುಬ್ಬಿ ಗೂಡು ಕಟ್ಟೇತಿ ನೋಡವ್ವಾ. ಮರಿ ಅದಾವು. ಸಾವಕಾರಗ ಸಾಮಾನು ಬಂದಿಲ್ಲಂತ ಸುಳ್ಳ ಹೇಳಿ ಬಂದ್ ಇಟ್ಟೇನಿ. ಇನ್ನೆಷ್ಟ್ ದಿನಾ ನಂಬತಾನೋ ಏನೋ. ಹಲ್ಲು ಮತ್ತ ನೋಯಾಕತ್ತೇತಿ. ಲವಂಗ ಇಟಗೊಂಡೀನಿ..."

ಅವಳ ಉಸಿರು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಯಿತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅಲುಗುತ್ತಿತ್ತು. ಮುಖದಲ್ಲಿ ಅಂದು ನಾನು ಕಂಡ ಹದಿನೆಂಟರ ನಗು ಇತ್ತು. ಮೈವಾಸನೆ ಅಪ್ಪನಿಂದ ಮಗನಿಗೆ ಮೂಗಿನ ಹಾಗೆಯೇ, ಮೀಸೆಯ ಹಾಗೆಯೇ ಇಳಿದುಬರುತ್ತದೆ. ಜಾಲರಿ ಅದನ್ನು ಹಿಡಿದು, ಹಿರಿದು ಮಾಡಿ, ಒಳಗಿನ ಮನೆಯಲ್ಲಿ ಹರೆಯದ ಗಂಡನನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು.

ಹೊರಗಿನ ಕಟ್ಟೆಯ ಮೇಲೆ ಅವನು ನನ್ನ ಜೊತೆ ಕೂತ. ಹೆಸರು ಚನ್ನಬಸು. ತೊಟ್ಟು ಬಿಡಿಸುವ ಮೊದಲ ಯಂತ್ರವನ್ನು ಈ ಊರಿಗೆ ತಂದು ಜೋಡಿಸಿದ ಮೆಕ್ಯಾನಿಕ್ ಅವನೇ. ಆ ಯಂತ್ರ ಬಂದ ವಾರದಲ್ಲಿಯೇ ಅರ್ಧದಷ್ಟು ಹೆಂಗಸರ ಕೆಲಸ ಹೋಯಿತು. ಅವರೆಲ್ಲ ದ್ಯಾಮವ್ವನ ಸುತ್ತ ಸೇರಿ, ನಿನ್ನ ಮಗನೇ ನಮ್ಮ ಅನ್ನಕ್ಕೆ ಮಣ್ಣು ಹಾಕಿದ ಎಂದು ಗೋಳಾಡಿದರು. ಮುಂದಾಳಾದವಳು ಏನು ಮಾಡಬೇಕು? ತುಂಬಿದ ಅಂಗಳದಲ್ಲಿ, ಕೈಯಲ್ಲಿ ಮೆಣಸಿನಕಾಯಿ ಹಿಡಿದು, ನೀನು ನನ್ನ ಪಾಲಿಗೆ ಸತ್ತೆ, ಇನ್ನು ಮುಂದೆ ಮನೆಯ ಹೊಸ್ತಿಲು ತುಳಿಯಬೇಡ ಎಂದು ಮಗನಿಗೆ ಹೇಳಿದಳು.

"ಅವತ್ತಿಂದ ಬಂದಿರಲಿಲ್ರಿ," ಎಂದ ಚನ್ನಬಸು. "ಆಮ್ಯಾಲ ಒಂದಿನಾ ತಂಗಿ ಹೇಳಿದ್ಲು, ಅವ್ವ ಜಾಲರಿ ಹಾಕಿಸಿಕೊಂಡ ಮ್ಯಾಲ ಬಿಸಿಲ ಹೊತ್ತಿನಾಗ ಭಾಳ ಗಾಢ ನಿದ್ದಿ ಮಾಡ್ತಾಳಂತ. ಸುಮ್ನ ನೋಡಿ ಹೋಗೂಣು ಅಂತ ಬಂದೆ. ದಿನಾ ರೂಢಿ ಆತು. ಮೊದಲ ಸುಮ್ನ ಕುಂದರ್ತಿದ್ದೆ. ಅಕಿಗೆ ಎಚ್ಚರ ಆಗೂದಿಲ್ಲ ಅಂತ ತಿಳದ ಮ್ಯಾಲ ಮಾತಾಡಾಕ ಹತ್ತಿದೆ."

"ಎಚ್ಚರ ಯಾಕ ಆಗೂದಿಲ್ಲ ಗೊತ್ತೇನು? ಕಿವಿ ಕೇಳವಲ್ದು ಅದಕ್ಕ. ಈ ಜಾಲರಿ ತಗೀದಿದ್ರ ಅವು ಪೂರ್ತಿ ಹೋಗತಾವು."

ಅವನು ತನ್ನ ಕೈಯ ಗ್ರೀಸನ್ನೇ ನೋಡುತ್ತ ಕೂತ. "ತಗದ್ರ ಕೇಳತೈತಿ?"

"ಕೇಳತೈತಿ."

"ಕೇಳಿದ್ರ ಎಚ್ಚರಾಗತಾಳ. ಎಚ್ಚರಾದ್ರ ನನ್ನ ಇಲ್ಲಿ ಬಿಟಗೊಳ್ಳೂದಿಲ್ಲ. ಇದೊಂದ ಉಳದಿತ್ತು ನನಗ." ಮೂಗು ಒರೆಸಿಕೊಂಡ. "ಅವ್ವಗ ನನ್ನ ಮಾತು ಕೇಳಬಾರದಪಾ ಅಂತ ಬೇಡಿಕೊಳ್ಳೂ ಮಗ ಊರಾಗ ನಾನೊಬ್ಬನ ಇರಬೇಕು. ತಗೀರಿ ಮ್ಯಾಡಂ. ಹೆಂಗರ ಮಾಡಿ ತಗೀರಿ."

ಮರುದಿನ ದ್ಯಾಮವ್ವನನ್ನು ಪ್ರಯೋಗಾಲಯಕ್ಕೆ ಕರೆಸಿದೆ. ಗುಟ್ಟಿನ ಮಾತನ್ನು ಕಿವುಡಿಗೆ ಹೇಳುವ ಕಷ್ಟ ಯಾರಿಗೂ ಬೇಡ. ನಾಯಿಯನ್ನು ಇಟ್ಟಿರುವ ಕೋಣೆಯ ಬಾಗಿಲು ಹಾಕಿ, ಫ್ಯಾನು ಜೋರಾಗಿ ತಿರುಗಿಸಿ, ಅವಳ ಕಿವಿಗೆ ಬಾಯಿಟ್ಟು ಕೂಗಿದೆ, "ಆ ವಾಸನಿ ನಿಮ್ಮ ಮನಿಯವರದಲ್ಲವ್ವಾ. ಅದು ಹಳೇದಲ್ಲ. ಆವತ್ತಂದು ಆವತ್ತ ಬರೂದು. ಯಾರೋ ಜೀವಂತ ಇದ್ದವರು ದಿನಾ ಬಂದು ನಿಮ್ಮ ತಲಿದಿಂಬಿನ ಹತ್ರ ಕುಂದರ್ತಾರ. ಮಾತಾಡತಾರ. ನಿಮಗ ಕೇಳವಲ್ದು ಅಷ್ಟ."

ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಮಡಿಲಲ್ಲಿದ್ದ ಕೈಗಳು ಮಾತ್ರ, ಕಾಯಿಯೇ ಇಲ್ಲದ ಕಡೆ ತೊಟ್ಟು ಮುರಿಯುವ ಹಾಗೆ ಆಡತೊಡಗಿದವು. ಹೇಳಿಬಿಡೋಣ ಎಂದು ನಾನು ಮತ್ತೆ ಬಾಯಿ ತೆರೆದೆ.

"ಯಾರು ಅಂತ ನಾ ನಿನ್ನ ಕೇಳಿದ್ನೇನು?"

ಅಷ್ಟು ಹೇಳಿ ಅವಳು ಹೊರಟುಹೋದಳು. ನಾನು ಕೆಟ್ಟೆ ಎಂದುಕೊಂಡೆ. ಈಗ ಗಂಡನೂ ಹೋದ, ಮಗನೂ ಹೋದ, ಕಿವಿಯೂ ಹೋಗುತ್ತದೆ, ಎಲ್ಲಕ್ಕೂ ನಾನೇ ಕಾರಣಳಾದೆ ಎಂದು ಆ ಬಿಸಿಲು ಬಿಡುವಿನಲ್ಲಿ ನಿದ್ದೆಯೇ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಾವು ಬಾಗಿಲು ತೆರೆಯುವ ಮೊದಲೇ ದ್ಯಾಮವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಒಬ್ಬಳೇ. ತಲೆಗೆ ಎರೆದುಕೊಂಡು, ಒಗೆದ ಇಳಕಲ್ ಸೀರೆ ಉಟ್ಟಿದ್ದಳು. "ತಗೀರಿ," ಎಂದಳು.

ಬೋಪಯ್ಯನವರು ಮೂಗಿನೊಳಗೆ ಮರಗಟ್ಟುವ ಔಷಧ ಹಾಕಿ, ತೆಳ್ಳನೆಯ ಚಿಮಟಿಗೆ ಬಿಟ್ಟರು. ನಾನು ಪರದೆ ನೋಡುತ್ತಿದ್ದೆ. ಚಿಮಟಿಗೆ ಆ ನಸುಗೆಂಪು ಗುಹೆಯೊಳಗೆ ನಿಧಾನ ಸಾಗಿ, ಮೊದಲ ಎಸಳನ್ನು ಹಿಡಿಯಿತು. ಆಗ ದ್ಯಾಮವ್ವ ಕೈಯೆತ್ತಿ ತಡೆದಳು.

"ಇನ್ನ ಅವರು ಬರೂದಿಲ್ಲಲಾ?"

ನಾನು ಇಲ್ಲ ಎಂದು ತಲೆಯಾಡಿಸಿದೆ. ಸುಳ್ಳು ಹೇಳಬಹುದಿತ್ತು, ಅವಳ ಮುಖ ನೋಡಿ ಹೇಳಲಾಗಲಿಲ್ಲ.

"ಬದುಕಿದ್ದಾಗ ನಾ ಅವರನ್ನ ಭಾಳ ಬೈತಿದ್ದೆ," ಎಂದಳು. "ಕನಸಿನ್ಯಾಗ ಒಂದಿನಾನೂ ಬೈಲಿಲ್ಲ." ಆಮೇಲೆ ಕೈ ಇಳಿಸಿದಳು.

ಎರಡು ಎಸಳೂ ಬಿಟ್ಟವು. ಜಾಲರಿ ಹೊರಬಂದು ಸ್ಟೀಲಿನ ತಟ್ಟೆಯಲ್ಲಿ ಬಿತ್ತು. ವರ್ಷಗಳ ನಂತರ ಬ್ಯಾಡಗಿಯ ಬರಿಗಾಳಿ ಅವಳ ಹಿತ್ತಲಿಗೆ ನುಗ್ಗಿತು. ದ್ಯಾಮವ್ವ ಎಂಥ ಸೀನು ಸೀನಿದಳೆಂದರೆ ಮೇಜಿನ ಮೇಲಿನ ಹತ್ತಿಯೆಲ್ಲ ಹಾರಿತು. ಬೋಪಯ್ಯನವರು ನಕ್ಕರು, ನಾನು ಅತ್ತೆ. ಅವಳು ತಟ್ಟೆಯನ್ನು ಎತ್ತಿ ಜಾಲರಿಯನ್ನು ಮೂಸಿ ನೋಡಿದಳು. ಮುಂಬಾಗಿಲಿನಿಂದ ಮೂಸಿದರೆ ಅದರಲ್ಲಿ ಏನಿರುತ್ತದೆ? ಅವಳ ಬೆಚ್ಚನೆಯ ಉಸಿರು ಹಿಂದಿನಿಂದ ತಾಗಿದರೆ ಮಾತ್ರ ಅದು ಗಂಡ. ತಟ್ಟೆಯಲ್ಲಿ ಅದು ಒಂದು ತುಂಡು ಲೋಳೆ. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೋದಳು.

ಕಿವಿಯ ನೀರು ಒಂದೇ ದಿನಕ್ಕೆ ಇಳಿಯುವಂಥದ್ದಲ್ಲ. ಅವಳು ದಿನಾಲೂ ಬಂದು ತೋರಿಸಿಕೊಂಡು ಹೋದಳು. ಆ ದಿನಗಳಲ್ಲಿ ಚನ್ನಬಸು ಮನೆಯ ಕಡೆ ಸುಳಿಯಲಿಲ್ಲ. ನನಗೆ ದಾರಿಯಲ್ಲಿ ಸಿಕ್ಕಾಗ, "ಕಿವಿ ಹೆಂಗದಾವ್ರಿ?" ಎಂದಷ್ಟೇ ಕೇಳುತ್ತಿದ್ದ. ಸುಧಾರಿಸುತ್ತಿವೆ ಎಂದರೆ ಸಂತೋಷಪಟ್ಟ ಹಾಗೆಯೂ, ಸೋತ ಹಾಗೆಯೂ ಕಾಣುತ್ತಿದ್ದ. ಅವಳಿಗೆ ಕನಸು ಬೀಳುತ್ತದೆಯೇ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಕೊನೆಯ ಪರೀಕ್ಷೆಯ ದಿನ ಬೋಪಯ್ಯನವರು ಅವಳನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಯಂತ್ರ ಹಚ್ಚಿ ನೋಡಿದರು. ಹೊರಗೆ ಬಂದು ಇಂಥ ಕಿವಿ ತಮಗೂ ಇಲ್ಲ, ಪಕ್ಕದ ಕೋಣೆಯಲ್ಲಿ ಗುಂಡುಸೂಜಿ ಬಿದ್ದರೂ ಇವಳಿಗೆ ಕೇಳುತ್ತದೆ ಎಂದರು. ಅದೇ ದಿನ ಊಟದ ಹೊತ್ತಿಗೆ ಚನ್ನಬಸು ಪ್ರಯೋಗಾಲಯಕ್ಕೆ ಬಂದ.

"ಮ್ಯಾಡಂ, ಒಂದ್ಸಲ ನೋಡಿ ಬರ್ತೀನಿ. ಮಾತಾಡೂದಿಲ್ಲ. ನೀವೂ ಬರ್ರಿ, ಎಚ್ಚರಾಗಿ ಬೈದ್ರ ನಡುವ ನೀವಿರ್ರಿ."

ಹೋದೆವು. ಫಕ್ಕೀರವ್ವ ಬಾಗಿಲನ್ನು ಸದ್ದಾಗದಂತೆ ತೆರೆದಳು. ದ್ಯಾಮವ್ವ ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಚನ್ನಬಸು ಚಪ್ಪಲಿ ಹೊರಗೇ ಬಿಟ್ಟು, ತುದಿಗಾಲಲ್ಲಿ ಒಳಗೆ ಬಂದು, ತಲೆದಿಂಬಿನ ಪಕ್ಕ ಕೂತ. ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಕೆಂಪು ಧೂಳು ತೇಲುತ್ತಿತ್ತು. ಆಮೇಲೆ ತಡೆಯಲಾಗಲಿಲ್ಲವೋ, ರೂಢಿಯೋ, ತುಟಿ ಅಲುಗಿದ್ದೇ ಗೊತ್ತಾಗದಷ್ಟು ಮೆಲ್ಲಗೆ, ಉಸಿರಿನಲ್ಲೇ ಅಂದ, "ಗುಬ್ಬಿ ಮರಿ ಹಾರಿದ್ವು ಯವ್ವಾ."

ದ್ಯಾಮವ್ವ ಅಲುಗಲಿಲ್ಲ. ಗೋಡೆಯ ಕಡೆಗೆ ಮುಖ ಹಾಗೆಯೇ ಇತ್ತು.

"ಜೋರ್ ಮಾತಾಡು," ಎಂದಳು. "ಕಿವಿ ಇನ್ನೂ ಪೂರ್ತಿ ಬಿಟ್ಟಿಲ್ಲ."

ಫಕ್ಕೀರವ್ವ ನನ್ನ ಕೈ ಹಿಡಿದುಕೊಂಡಳು. ನಾನು ಬಾಯಿ ಬಿಡಲಿಲ್ಲ. ಚನ್ನಬಸು ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳಲು ಶುರುಮಾಡಿದ.